ಮಾವ ಕಳಿಸಿದ ಅಲಾರಂ

ಜನವರಿ 9

ಪ್ರೀತಿಯ ಮಾವನಿಗೆ,

ನಿಮ್ಮ ಕಿವಿಗಳು ಫೋನಿಗೆ ರಾಜೀನಾಮೆ ಕೊಟ್ಟ ಮೇಲೆ ನನ್ನ ಅಕ್ಷರ ಎಷ್ಟು ದುಂಡಗಾಗಿದೆ ನೋಡಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವರು ನೀವೇ. ಆದ್ದರಿಂದ ಈ ಹೊಗಳಿಕೆಯಲ್ಲಿ ಅರ್ಧ ಪಾಲು ನಿಮ್ಮದು.

ಒಂದು ಸುದ್ದಿಯಿದೆ. ನಮ್ಮ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೊದಲ ಪಾಳಿಯ ಮೇಲ್ವಿಚಾರಕಿ ನಿವೃತ್ತರಾಗುತ್ತಿದ್ದಾರೆ. ಮ್ಯಾನೇಜರ್ ಮೇಡಂ ನನ್ನನ್ನು ಕರೆದು, "ಆ ಜಾಗಕ್ಕೆ ನೀನೇ ಸರಿ. ಕಾಯಂ ಕೆಲಸ, ತಿಂಗಳ ಸಂಬಳ, ಸಂಬಳ ಸಮೇತ ರಜೆ. ಮಾರ್ಚ್ ಹತ್ತಕ್ಕೆ ಸೇರ್ಕೋಬೇಕು ನೋಡು" ಅಂದರು. ಈಗ ನನ್ನದು ಹಾಗಲ್ಲವಲ್ಲ. ಸಂಜೆ ಫೋನಿಗೆ ಸಂದೇಶ ಬಂದರೆ ನಾಳೆ ಕೆಲಸ, ಬರದಿದ್ದರೆ ನಾಳೆ ಮನೆ. ಏಳು ವರ್ಷದಿಂದ ಆಸ್ಪತ್ರೆಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದ್ದೇನೆ, ಆದರೆ ಮುಂದಿನ ವಾರ ನನಗೆ ಕೆಲಸ ಇದೆಯೋ ಇಲ್ಲವೋ ಎಂದು ಒಮ್ಮೆಯೂ ತಿಳಿದಿಲ್ಲ.

ಆದರೆ ಆ ಪಾಳಿ ಬೆಳಗಿನ ಐದಕ್ಕೆ ಶುರು. ನನ್ನಿಂದ ಆಗುವ ಮಾತಲ್ಲ. ತಿಂಗಳು ಕಳೆದ ಮೇಲೆ ಮೆಲ್ಲಗೆ ಇಲ್ಲ ಎಂದು ಹೇಳಬೇಕೆಂದಿದ್ದೇನೆ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಚೂಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮಗಳು ಮಾತಾಡಿದರೆ ಈಗ ಮಾತಿಗಿಂತ ಗಾಳಿ ಜಾಸ್ತಿ.

ನಿಮ್ಮ ಅಕ್ಕನ ಮಗಳು


ಜನವರಿ 17

ಮಗಳಿಗೆ ಆಶೀರ್ವಾದ.

ಪತ್ರ ಓದಿದೆ. ಮೊದಲ ಅರ್ಧಕ್ಕೆ ಹಿಗ್ಗಿದೆ, ಎರಡನೆಯ ಅರ್ಧಕ್ಕೆ ಕುಗ್ಗಿದೆ. ಐದು ಗಂಟೆಗೆ ಕೆಲಸಕ್ಕೆ ಹೋಗಲು ಆಗುವುದಿಲ್ಲ ಎಂದರೆ ಏನರ್ಥ? ಚಿಕ್ಕಂದಿನಲ್ಲಿ ನಿನ್ನನ್ನು ಎಬ್ಬಿಸಲು ನಾನು ಪಟ್ಟ ಪಾಡು ನನಗೆ ಮರೆತಿಲ್ಲ. ಕಂಬಳಿಯ ಒಳಗಿಂದ "ಇನ್ನೊಂದೇ ನಿಮಿಷ ಮಾವ" ಎನ್ನುತ್ತಿದ್ದ ಹುಡುಗಿ ನೀನು. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲವೆಂದು ಕಾಣುತ್ತದೆ.

ಇಷ್ಟು ಸಿರಿವಂತ ದೇಶ. ರಾತ್ರಿಯೆಲ್ಲ ಖಾಲಿ ಕಟ್ಟಡಗಳಲ್ಲಿ ದೀಪ ಉರಿಸುವಷ್ಟು ಸಿರಿ. ಇಂಥಲ್ಲಿ ಒಬ್ಬರು ಬಡವರಾಗಿ ಉಳಿದಿದ್ದಾರೆ ಎಂದರೆ ಒಂದೋ ಕೈ ಸರಿಯಿಲ್ಲ, ಇಲ್ಲವೇ ನಿದ್ದೆ ಸರಿಯಿಲ್ಲ. ಕೈ ಕೆಸರಾದರೆ ಬಾಯಿ ಮೊಸರು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು. ಇದನ್ನು ನಾನು ನಿನಗೆ ಕಟ್ಟೆಯ ಮೇಲೇ ಹೇಳಿಕೊಟ್ಟಿದ್ದೆ.

ನಿನ್ನ ಕೈ ಸರಿಯಿದೆ, ನನಗೆ ಗೊತ್ತು. ಆದ್ದರಿಂದ ನಿದ್ದೆಗೆ ಮದ್ದು ಕಳಿಸುತ್ತಿದ್ದೇನೆ. ಈ ಪಾರ್ಸೆಲ್ಲಿನಲ್ಲಿ ಒಂದು ಹಳೆಯ ಅಲಾರಂ ಗಡಿಯಾರವಿದೆ. ಕೈಯಾರೆ ಬಿಚ್ಚಿ, ಎಣ್ಣೆ ಹಾಕಿ, ಗಂಟೆಗೆ ಹೊಸ ಹಿತ್ತಾಳೆ ಬಟ್ಟಲು ಕೂರಿಸಿದ್ದೇನೆ. ಸದ್ದು ಸರಿಯಾಗಿ ಬರುವವರೆಗೆ ಮೂರು ದಿನ ತಿದ್ದಿದೆ. ಮೂರೂವರೆಗೆ ಇಟ್ಟುಕೊಂಡು ಮಲಗು.

ಅಂಗಡಿ ಚೆನ್ನಾಗಿ ನಡೆದಿದೆ. ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಜನ ಬಂದು ಪೇಪರ್ ಓದುತ್ತಾ ಸಂಜೆವರೆಗೂ ಕೂರುತ್ತಾರೆ. ಒಳಗೆ ಬೆಚ್ಚಗಿರುತ್ತದೆ. ಅಂದ ಹಾಗೆ, ಪತ್ರಗಳನ್ನು ಮನೆಯ ವಿಳಾಸಕ್ಕೇ ಬರಿ. ಅಂಗಡಿಯಲ್ಲಾದರೆ ಎಣ್ಣೆ ಕೈ ತಾಗಿ ಹಾಳಾಗುತ್ತವೆ.

ನಿನ್ನ ಮಾವ


ಜನವರಿ 26

ಪ್ರೀತಿಯ ಮಾವನಿಗೆ,

ಪಾರ್ಸೆಲ್ ಬಂತು. ಗಡಿಯಾರ ಬಂತು. ಅದರ ಹಿಂದೆಯೇ ಇಡೀ ಕಟ್ಟಡ ನನ್ನ ಬಾಗಿಲಿಗೆ ಬಂತು.

ಸದ್ದು ಸರಿಯಾಗುವವರೆಗೆ ತಿದ್ದಿದೆ ಎಂದಿರಲ್ಲ, ಯಾರ ಕಿವಿಗೆ ಸರಿಯಾಗುವವರೆಗೆ ಮಾವ? ನಿಮ್ಮ ಕಿವಿಗೆ ಕೇಳುವ ಅಲಾರಂ ಅಂದರೆ ನಮ್ಮಂಥವರಿಗೆ ಅದು ಬೆಂಕಿ ಬಿದ್ದಾಗ ಹೊಡೆಯುವ ಗಂಟೆ. ಪರೀಕ್ಷೆಗೆಂದು ಮೂರೂವರೆಗೆ ಇಟ್ಟು ಮಲಗಿದ್ದೆ. ಅದು ಬಾರಿಸಿದ್ದೇ ತಡ, ಚೂಟಿ ಮಂಚದಿಂದ ಕೆಳಗೆ, ನಾನು ಗೋಡೆಗೆ. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ನೀವು ಬರೆದಿರಲಿಲ್ಲ. ದಿಂಬಿನ ಕೆಳಗೆ ಹಾಕಿದೆ, ಬಚ್ಚಲಿಗೆ ಒಯ್ದು ಬಕೆಟ್ಟಿನಲ್ಲಿಟ್ಟೆ. ಬಕೆಟ್ಟೂ ಅದರ ಜೊತೆ ಸೇರಿ ಬಾರಿಸತೊಡಗಿತು.

ನಮ್ಮ ಕಟ್ಟಡದ ಗೋಡೆಗಳು ಹಪ್ಪಳದಷ್ಟು ತೆಳ್ಳಗೆ. ಬಾಗಿಲು ತೆಗೆದರೆ ಮನೆಗಳ ನಡುವಿನ ಓಣಿಯ ತುಂಬ ಜನ, ಒಬ್ಬರ ಕೈಯಲ್ಲಿ ಚಪ್ಪಲಿ, ಇನ್ನೊಬ್ಬರ ಕೈಯಲ್ಲಿ ಮಗು. ಸದಾ ಹೆಣೆಯುತ್ತಲೇ ಇರುವ ಕೆಳಮನೆಯ ಸ್ವೆಟರ್ ಅಜ್ಜಿ ಕೇಳಿದರು, "ಯಾರ್ ಸತ್ರಮ್ಮ?"

"ಯಾರೂ ಸತ್ತಿಲ್ಲ ಅಜ್ಜಿ. ನಮ್ಮ ಮಾವ ಪ್ರೀತಿಯಿಂದ ಕಳಿಸಿದ್ದು" ಅಂದೆ.

ಬೈಗುಳ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಯಾರೋ, ಇಷ್ಟು ಹೊತ್ತಿಗೆ ಏಳುವ ಕರ್ಮ ಯಾಕೆ ಎಂದು ಕೇಳಿದರು. ಹೇಳಿದೆ. ನಿಮಗೂ ಈಗ ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು, ನೀವು ಕೊರಗುತ್ತೀರೆಂದು ಬಿಟ್ಟೆ.

ಮಾವ, ನಾನು ಏಳುವುದು ನಾಲ್ಕಕ್ಕೇ. ಬಟ್ಟೆ, ಅಡುಗೆ, ನೆಲ ಎಲ್ಲ ಆಗುವುದು ಆ ಹೊತ್ತಿನಲ್ಲೇ. ತೊಂದರೆ ನಿದ್ದೆಯದ್ದಲ್ಲ. ನಮ್ಮ ಬೀದಿಯಿಂದ ಮೊದಲ ಬಸ್ಸು ಹೊರಡುವುದು ಐದೂ ಮುಕ್ಕಾಲಿಗೆ. ಶಿಶುವಿಹಾರ ತೆಗೆಯುವುದು ಏಳಕ್ಕೆ. ಚೂಟಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಇದ್ದವರು ಬೇರೆ ಸಂಸಾರ ಹೂಡಿ ನಾಲ್ಕು ವರ್ಷವಾಯಿತು, ನಿಮಗೆ ಗೊತ್ತಿರುವುದೇ. ದಿನಾ ಟ್ಯಾಕ್ಸಿ ಹತ್ತಿದರೆ ಸಂಬಳ ಟ್ಯಾಕ್ಸಿಯವನಿಗೆ. ಕಾರ್ಖಾನೆಯ ಹತ್ತಿರ ಮನೆ ಹಿಡಿದರೆ ಸಂಬಳ ಮನೆಯೊಡೆಯನಿಗೆ. ಇನ್ನು ಕೂತು ತಿನ್ನುವ ಮಾತು: ನಮ್ಮ ಕಾರ್ಖಾನೆಯಲ್ಲಿ ಕೂರಲು ಕುರ್ಚಿಯೇ ಇಲ್ಲ ಮಾವ.

ಆದರೆ ಮುಂದೆ ಕೇಳಿ. ನಾನು ಹೇಳಿ ಮುಗಿಸುವಷ್ಟರಲ್ಲಿ ಬ್ರೆಡ್ ಕಾರ್ಖಾನೆಗೆ ಹೋಗುವ ಮೇಲ್ಮನೆಯ ಅಣ್ಣ, "ನಾನು ಹೆದ್ದಾರಿ ಪಕ್ಕ ನಡ್ಕೊಂಡೇ ಹೋಗ್ತೀನಲ್ಲಮ್ಮ. ಮಳೆ ಬಂದ್ರೆ ಕೆಲ್ಸ ಖೋತಾ" ಅಂದರು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಸ್ನಾನ ಮಾಡಿಸುವ ಪಕ್ಕದ ಮನೆಯ ದಾದಿ, "ನಾನು ಹಿಂದಿನ ರಾತ್ರಿ ಕೊನೇ ಬಸ್ಸಿಗೇ ಹೋಗ್ಬಿಡ್ತೀನಿ. ಅಲ್ಲೇ ಬೆಂಚ್ ಮೇಲೆ ಮಲ್ಕೊಂಡಿರ್ತೀನಿ" ಅಂದಳು. ಇಷ್ಟು ವರ್ಷ ಮೆಟ್ಟಿಲ ಮೇಲೆ ಎದುರಾದಾಗ ನಕ್ಕು ಹೋಗುತ್ತಿದ್ದೆವೇ ಹೊರತು ಒಬ್ಬರ ಪಾಡು ಒಬ್ಬರಿಗೆ ತಿಳಿದಿರಲಿಲ್ಲ. ಎಲ್ಲರೂ ತಮ್ಮ ಹಣೆಬರಹ ಎಂದುಕೊಂಡಿದ್ದೆವು. ಓಣಿಯಲ್ಲಿ ನಿಂತು ನೋಡಿದರೆ ಎಲ್ಲರ ಹಣೆಯಲ್ಲೂ ಒಂದೇ ಬರಹ: ಬಸ್ಸಿಲ್ಲ.

ಅಜ್ಜಿ ಚಹಾ ಮಾಡಿದರು. ಬೆಳಗಾಗುವವರೆಗೆ ಮಾತಾಡಿದೆವು. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ನಿಮ್ಮ ಅಕ್ಕನ ಮಗಳು


ಫೆಬ್ರವರಿ 3

ಮಗಳಿಗೆ,

ಗುಂಡಿ ಹಿಂಬದಿಯಲ್ಲಿದೆ, ಕೀಲಿಯ ಎಡಕ್ಕೆ. ಯಾರಿಗಾದರೂ ಕಾಣುತ್ತದೆ.

ಸದ್ದಿನ ವಿಷಯದಲ್ಲಿ ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ. ನನಗೆ ಅದು ಹದವಾಗಿಯೇ ಕೇಳಿಸಿತ್ತು. ಅಲಾರಂ ಸದ್ದು ಜೋರಾಗಿಯೇ ಇರಬೇಕಲ್ಲವೇ ಎಂದು ಇಲ್ಲಿ ಪಕ್ಕದಲ್ಲಿ ಪೇಪರ್ ಓದುತ್ತಿದ್ದವನನ್ನು ಕೇಳಿದೆ. ಬೆರಳು ತುಟಿಯ ಮೇಲಿಟ್ಟು ಸುಮ್ಮನಿರಲು ಹೇಳಿದ. ಜನಕ್ಕೆ ಮರ್ಯಾದೆ ಇಲ್ಲ.

ಉಳಿದದ್ದನ್ನು ಎರಡು ದಿನ ಯೋಚಿಸಿದೆ. ಒಪ್ಪಿಕೊಂಡೆ ಎಂದುಕೊಳ್ಳಬೇಡ. ಆದರೆ ನನ್ನ ಕಸುಬಿನ ಒಂದು ಮಾತು ನೆನಪಾಯಿತು. ಗಡಿಯಾರ ನಿಂತರೆ ನಾವು ಮುಳ್ಳನ್ನು ಬೈಯುವುದಿಲ್ಲ. ಮುಚ್ಚಳ ತೆಗೆದು ಒಳಗೆ ಯಾವ ಹಲ್ಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುತ್ತೇವೆ. ನಾನು ಮುಳ್ಳಿಗೆ ಬೈದೆನೇನೋ. ಇರಲಿ, ಸೋದರಮಾವ ಬೈದರೆ ತಪ್ಪಿಲ್ಲ.

ಈಗ ಮುಚ್ಚಳ ತೆಗೆಯೋಣ. ನನ್ನ ಪ್ರಶ್ನೆಗೆ ಉತ್ತರ ತಿಳಿದು ಬರಿ: ಐದೂ ಮುಕ್ಕಾಲಿಗೆ ನಿಮ್ಮ ಬೀದಿಗೆ ಬರುವ ಆ ಬಸ್ಸು ರಾತ್ರಿ ಎಲ್ಲಿ ಮಲಗುತ್ತದೆ? ಅದಕ್ಕೆ ಮೊದಲು ಏನು ಮಾಡುತ್ತಿರುತ್ತದೆ?

ಚೂಟಿಗೆ ಮುತ್ತು. ಹಲ್ಲು ಬಂದ ಮೇಲೆ ಬಾದಾಮಿ ಕಳಿಸುತ್ತೇನೆ.

ನಿನ್ನ ಮಾವ


ಫೆಬ್ರವರಿ 15

ಮಾವ, ನೀವು ಭಾರಿ ಆಸಾಮಿ.

ಬಸ್ಸು ಮಲಗುವುದು ನಮ್ಮ ಕಟ್ಟಡದ ಹಿಂದಿನ ಡಿಪೋದಲ್ಲೇ. ಬ್ರೆಡ್ ಅಣ್ಣ ಹೋಗಿ ಕಾವಲುಗಾರನನ್ನು ಕೇಳಿಕೊಂಡು ಬಂದರು. ನಾಲ್ಕು ಕಾಲಿಗೆ ಅದು ಖಾಲಿ ಹೊರಡುತ್ತದೆ. ನಮ್ಮ ಬೀದಿಯಲ್ಲೇ ಹಾದು, ಹೆದ್ದಾರಿ ದಾಟಿ, ನಮ್ಮ ಕಾರ್ಖಾನೆ, ಬ್ರೆಡ್ ಕಾರ್ಖಾನೆ, ಆಸ್ಪತ್ರೆ ಎಲ್ಲದರ ಮುಂದೆಯೂ ಹಾದು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿ ಸೂಟ್‌ಕೇಸಿನವರನ್ನು ಹತ್ತಿಸಿಕೊಂಡ ಮೇಲೆಯೇ ಅದರ ದಿನ ಶುರು. ಅಷ್ಟು ಸೀಟುಗಳು ದಿನಾ ಖಾಲಿ ಕೂತು ನಮ್ಮ ಕೆಲಸಗಳ ಬಾಗಿಲು ನೋಡಿಕೊಂಡು ಹೋಗುತ್ತಿದ್ದವು. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಮಾತು ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ಗಂಟೆ ನನ್ನ ಮನೆಯಲ್ಲೇ ಇತ್ತಲ್ಲ. ಸಾರಿಗೆ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. ಕೂರಿಸಿ, ನೀರು ಕೊಟ್ಟು, ಕಂಪ್ಯೂಟರ್ ನೋಡಿ, "ಆ ಹೊತ್ತಲ್ಲಿ ಬೇಡಿಕೆ ಇಲ್ವಲ್ಲ. ನಾಲ್ಕು ಗಂಟೆಗೆ ನಿಮ್ಮ ಸ್ಟಾಪಲ್ಲಿ ಒಬ್ರೂ ನಿಂತಿರಲ್ಲ" ಅಂದರು.

"ಬಸ್ ಇಲ್ದೇ ಇದ್ರೆ ಯಾರ್ ನಿಲ್ತಾರೆ ಸಾರ್?" ಅಂದೆ.

"ಅದೂ ನಿಜ. ಆದ್ರೆ ನಾನು ಮೇಲಿನವ್ರಿಗೆ ಏನಂತ ತೋರಿಸ್ಲಿ?" ಅಂದರು.

ಸ್ವೆಟರ್ ಅಜ್ಜಿ ಎದ್ದು ನಿಂತು, "ಜನ ತೋರಿಸ್ಬೇಕು ಅಷ್ಟೇ ತಾನೆ? ಸೋಮವಾರದಿಂದ ನಿಲ್ತೀವಿ ಬಿಡಪ್ಪ" ಎಂದು ಚೀಲ ಎತ್ತಿಕೊಂಡರು.

ಸೋಮವಾರ ನಾಲ್ಕಕ್ಕೆ ಎಲ್ಲರೂ ಹೋಗಿ, ಇಲ್ಲದ ಬಸ್ಸಿಗೆ ಕಾದು ನಿಂತೆವು. ಎಬ್ಬಿಸಿದ್ದು ಯಾರು ಗೊತ್ತೇ? ನಿಮ್ಮ ಅಲಾರಂ. ಓಣಿಯ ನಡುವೆ ಸ್ಟೂಲಿನ ಮೇಲಿಟ್ಟರೆ ನಾಲ್ಕು ಮಹಡಿಗೂ ಅದೊಂದೇ ಸಾಕು. ಚಳಿಗೆ ಮೂಗು ಮರಗಟ್ಟಿತ್ತು. ಮಕ್ಕಳು ಕಂಬಳಿಯಲ್ಲಿ. ಖಾಲಿ ಬಸ್ಸು ಬಂತು. ಡ್ರೈವರ್ ದೆವ್ವ ಕಂಡವನಂತೆ ನೋಡಿ ವೇಗ ಹೆಚ್ಚಿಸಿ ಹೋದ. ಮಂಗಳವಾರ ಪಕ್ಕದ ಕಟ್ಟಡದವರೂ ಬಂದರು, ಡ್ರೈವರ್ ಹಾರನ್ ಹೊಡೆದ. ಬುಧವಾರ ಅಜ್ಜಿ ಕೈಬೀಸಿದರು, ಅವನೂ ಬೀಸಿದ. ಗುರುವಾರ ನಿಲ್ಲಿಸಿ, ಕಿಟಕಿ ಇಳಿಸಿ, "ಏನ್ ನಡೀತಿದೆ ಇಲ್ಲಿ? ಮದುವೇನಾ?" ಎಂದು ಕೇಳಿದ.

"ಗಂಡು ನೀನೇ ಕಣಪ್ಪ, ಬಾಗ್ಲು ತೆಗಿ" ಅಂದರು ಅಜ್ಜಿ.

ಅವನು ನಕ್ಕು ನಕ್ಕು, "ತೆಗೆದ್ರೆ ಕೆಲ್ಸ ಹೋಗುತ್ತೆ ಅಜ್ಜಿ. ಆದ್ರೆ ಎಷ್ಟು ಜನ ಇದ್ದೀರಾ ಅಂತ ಕಚೇರಿಗೆ ನಾನೇ ಹೇಳ್ತೀನಿ" ಅಂದ. ಶುಕ್ರವಾರ ಅಧಿಕಾರಿಯೇ ಮಫ್ಲರ್ ಸುತ್ತಿಕೊಂಡು ಬಂದು ನಮ್ಮ ಜೊತೆ ನಿಂತರು. ಅಜ್ಜಿ ಅವರಿಗೂ ಚಹಾ ಕೊಟ್ಟರು. ಉತ್ತರಕ್ಕೆ ಕಾಯುತ್ತಿದ್ದೇವೆ.

ಒಂದು ಅವಘಡವೂ ಆಯಿತು. ಶನಿವಾರ ಚೂಟಿ ಗಡಿಯಾರವನ್ನು ಮೆರವಣಿಗೆ ಮಾಡಲು ಹೋಗಿ ಮೆಟ್ಟಿಲಿಂದ ಬೀಳಿಸಿದಳು. ಮಗಳಿಗೇನೂ ಆಗಿಲ್ಲ, ಗಡಿಯಾರ ಉಸಿರು ಬಿಟ್ಟಿತು. ರಿಪೇರಿಗೆ ಬರುವ ವಸ್ತು ಅಂಗಡಿಗೇ ಹೋಗಲಿ ಎಂದು ಅಂಗಡಿಯ ವಿಳಾಸಕ್ಕೆ ಕಳಿಸಿದ್ದೇನೆ. ನಿಮ್ಮ ಪೇಪರ್ ಓದುವ ಗಿರಾಕಿಗಳಿಗೂ ಒಮ್ಮೆ ಬಾರಿಸಿ ತೋರಿಸಿ.

ನಿಮ್ಮ ಅಕ್ಕನ ಮಗಳು


ಫೆಬ್ರವರಿ 20

ಮಗಳಿಗೆ,

ಬಸ್ಸಿನ ಕಥೆ ಓದಿ ಜೋರಾಗಿ ನಕ್ಕೆನಂತೆ. ಇಲ್ಲಿಂದ ನನ್ನನ್ನು ಹೊರಗೆ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಕೂತು ಇನ್ನೊಮ್ಮೆ ಓದಿ ಇನ್ನೊಮ್ಮೆ ನಕ್ಕೆ.

ಗಡಿಯಾರವನ್ನು ಅಂಗಡಿಗೆ ಯಾಕೆ ಕಳಿಸಿದೆ? ಮನೆಗೆ ಕಳಿಸು ಎಂದಿರಲಿಲ್ಲವೇ? ಅಂಗಡಿಯಲ್ಲಿ ಸುಣ್ಣ ಬಣ್ಣ ನಡೆದಿದೆ. ಬಂದರೆ ನೋಡುತ್ತೇನೆ. ಚಿಂತೆ ಬೇಡ.

ನಿನ್ನ ಮಾವ


ಫೆಬ್ರವರಿ 27

ಮಾವ,

ಗಡಿಯಾರ ವಾಪಸ್ ಬಂತು. ಜೊತೆಗೆ ಯಾರೋ ಪುಣ್ಯಾತ್ಮರು ಬರೆದ ಚೀಟಿ: "ಇಲ್ಲಿ ಗಡಿಯಾರದ ಅಂಗಡಿ ಇಲ್ಲ. ಕಳೆದ ವರ್ಷದಿಂದ ಕಾಫಿ ಅಂಗಡಿ."

ಚೀಟಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಆಮೇಲೆ ನಿಮ್ಮ ಹಳೆಯ ಪತ್ರಗಳನ್ನು ತೆಗೆದು ಓದಿದೆ. ಸಂಜೆವರೆಗೂ ಪೇಪರ್ ಓದುವ ಗಿರಾಕಿಗಳು. ಬೆರಳು ತುಟಿಯ ಮೇಲಿಡುವವನು. ಜೋರಾಗಿ ನಕ್ಕರೆ ಹೊರಗೆ ಕಳಿಸುವವರು. ಅದು ಗ್ರಂಥಾಲಯ ಅಲ್ಲವೇ ಮಾವ? ನಿಮ್ಮ ಕೋಣೆಯಲ್ಲಿ ಹೀಟರ್ ಇಲ್ಲವೆಂದು ಹಗಲೆಲ್ಲ ಅಲ್ಲಿ ಕೂರುತ್ತೀರಿ ಅಲ್ಲವೇ? ಒಂದು ವರ್ಷ. ನನಗೆ ಒಂದು ಮಾತು ಹೇಳಲಿಲ್ಲ. ನನಗೆ ಬಹಳ ಕೋಪ ಬಂದಿದೆ. ನಾನೂ ನಿಮಗೆ ಬಸ್ಸಿನ ವಿಷಯ ಹೇಳಿರಲಿಲ್ಲ ಎಂಬುದು ನೆನಪಾಗಿ ಅರ್ಧ ಕೋಪ ಇಳಿದಿದೆ. ಉಳಿದರ್ಧಕ್ಕೆ ನೀವೇ ಬಂದು ಸಮಾಧಾನ ಹೇಳಬೇಕು.

ಯಾಕೆ ಬರಬೇಕೆಂದರೆ, ಬಸ್ಸು ಸಿಕ್ಕಿತು. ಸೋಮವಾರದಿಂದ ನಾಲ್ಕು ಕಾಲಿಗೆ ಬಾಗಿಲು ತೆರೆದೇ ಬರುತ್ತದೆ. ಕಂಬಳಿಯಲ್ಲಿದ್ದ ಮಕ್ಕಳನ್ನು ಕಂಡ ಆ ಅಧಿಕಾರಿಯೇ ಹೇಳಿದ್ದರಿಂದ, ಶಿಶುವಿಹಾರ ತೆಗೆಯುವವರೆಗೆ ಮಕ್ಕಳನ್ನು ಇರಿಸಲು ನಗರಸಭೆಯವರು ನಮ್ಮ ಕಟ್ಟಡದ ಸೈಕಲ್ ಕೋಣೆಗೆ ಬಣ್ಣ ಹೊಡೆಸಿ, ಹೀಟರ್ ಹಾಕಿಸಿ, ನೋಡಿಕೊಳ್ಳುವವರಿಗೆ ಸಂಬಳ ಕೊಡುತ್ತಾರಂತೆ. ಆದರೆ ಅಲ್ಲಿ ಇಬ್ಬರು ದೊಡ್ಡವರು ಇರಲೇಬೇಕೆಂಬುದು ನಿಯಮ. ಸ್ವೆಟರ್ ಅಜ್ಜಿ ಒಬ್ಬರಾದರು. ಇನ್ನೊಬ್ಬರು ಸಿಕ್ಕಿಲ್ಲ, ಆ ಹೊತ್ತಿಗೆ ನಾವೆಲ್ಲ ಕೆಲಸದಲ್ಲಿರುತ್ತೇವಲ್ಲ. ಹತ್ತನೇ ತಾರೀಖಿನೊಳಗೆ ಹೆಸರು ಕೊಡದಿದ್ದರೆ ಕೋಣೆ ಇಲ್ಲ. ಕೋಣೆ ಇಲ್ಲದಿದ್ದರೆ ಬಸ್ಸು ಬಂದೂ ನಾನು ಹತ್ತುವ ಹಾಗಿಲ್ಲ.

ನಿಮ್ಮ ಕಿವಿಯ ವಿಷಯ ಅಜ್ಜಿಗೆ ಹೇಳಿದೆ. "ಅಷ್ಟು ಮಕ್ಕಳ ಮಧ್ಯೆ ಕಿವಿ ಕೇಳಿಸ್ದೇ ಇರೋದೇ ವಾಸಿ, ನಾನು ಕೇಳಿಸ್ಕೋತೀನಿ, ಅವ್ರು ನೋಡ್ಕೊಳ್ಳಲಿ" ಅಂದರು. ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಮೂಲೆ ನಿಮಗೆ. ಬೆಳಕು ಚೆನ್ನಾಗಿದೆ, ಸಣ್ಣ ಸ್ಕ್ರೂ ಕೂಡ ಕಾಣುತ್ತದೆ.

ಬರುತ್ತೀರಾ?


ಮಾರ್ಚ್ 4

ಮಗಳೇ,

ಎಲ್ಲ ಸರಿಯಾಗಿಯೇ ಊಹಿಸಿದ್ದೀಯ. ನೀನು ಗಡಿಯಾರದ ಕೆಲಸ ಕಲಿತಿದ್ದರೆ ಹೆಸರು ಮಾಡುತ್ತಿದ್ದೆ.

ನಮ್ಮ ಬೀದಿಗೆ ಹೊಸ ಹೊಸ ಹೋಟೆಲುಗಳು ಬಂದವು. ಒಡೆಯ ಬಾಡಿಗೆಯನ್ನು ಎಲ್ಲಿಂದ ಎಲ್ಲಿಗೋ ಏರಿಸಿದ. ನಿನಗೆ ಏನೆಂದು ಬರೆಯಲಿ? ಬೆಳಿಗ್ಗೆ ಎದ್ದವನು ಬಡವನಾಗುವುದಿಲ್ಲ ಎಂದು ಹೇಳಿಕೊಟ್ಟವನು ನಾನು. ಜೀವಮಾನವೆಲ್ಲ ಐದಕ್ಕೇ ಎದ್ದೆ. ಅಂಗಡಿ ಹೋದ ದಿನವೂ ಐದಕ್ಕೇ ಎದ್ದಿದ್ದೆ. ಆ ದಿನ ಕನ್ನಡಿಯ ಮುಂದೆ ನಿಂತು, ನಿನ್ನ ಕೈಯೂ ಸರಿಯಿದೆ, ನಿದ್ದೆಯೂ ಸರಿಯಿದೆ, ಮತ್ತೆ ಯಾಕಯ್ಯ ಹೀಗೆ ಎಂದು ಕೇಳಿದ್ದೆ. ಉತ್ತರ ತಿಳಿಯದ್ದಕ್ಕೆ ನಾಚಿಕೆಯಾಗಿತ್ತು. ನಿಮ್ಮ ಓಣಿಯಲ್ಲಿ ನಿಂತಿದ್ದರೆ ಆ ನಾಚಿಕೆ ಅಂದೇ ಹೋಗುತ್ತಿತ್ತೇನೋ. ನಮ್ಮ ಬೀದಿಯ ದರ್ಜಿಯೂ, ಪುಸ್ತಕದ ಅಂಗಡಿಯವನೂ ಅದೇ ಗ್ರಂಥಾಲಯದಲ್ಲಿ ಕೂತಿರುತ್ತಾರೆ. ನಾವು ಮೂವರೂ ಗಿರಾಕಿಗಳಂತೆ ನಟಿಸುತ್ತಾ ಒಬ್ಬರನ್ನೊಬ್ಬರು ನೋಡದೆ ಪೇಪರ್ ಓದುತ್ತೇವೆ. ನಿನ್ನೆ ನಾನೇ ಎದ್ದು ಹೋಗಿ ಮಾತಾಡಿಸಿದೆ. ಮೂವರನ್ನೂ ಹೊರಗೆ ಹಾಕಿದರು. ಬಹಳ ಸಂತೋಷವಾಯಿತು.

ಕೆಲಸಕ್ಕೆ ನನ್ನ ಹೆಸರು ಕೊಡು. ಅಲ್ಲಿನ ನಗರಸಭೆಯವರಿಗೆ ಕೊಡಲು ನನ್ನ ಒಪ್ಪಿಗೆಯ ಕಾಗದ ಇದರ ಜೊತೆಗಿದೆ. ಕೋಣೆ ಖಾಲಿ ಮಾಡಿ, ಹದಿನೆಂಟರ ರಾತ್ರಿ ರೈಲು ಹತ್ತುತ್ತೇನೆ, ಹತ್ತೊಂಬತ್ತರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿರುತ್ತೇನೆ. ಅಲ್ಲಿಯವರೆಗೆ ಯಾರನ್ನಾದರೂ ಹೇಗಾದರೂ ಹೊಂದಿಸಿಕೊಳ್ಳಿ. ಅಜ್ಜಿಗೆ ಹೇಳು, ನಾನು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಂಡು ಕುಡಿಯುವವನು.

ನಿನ್ನ ಮಾವ


ಮಾರ್ಚ್ 12

ಪ್ರೀತಿಯ ಮಾವನಿಗೆ,

ನಿಮ್ಮ ಹೆಸರು ಕೊಟ್ಟಾಯಿತು, ಕೋಣೆ ತೆರೆದಾಯಿತು. ನೀವು ಬರುವವರೆಗೆ ದಾದಿ ರಜೆ ಹಾಕಿ ಅಜ್ಜಿಯ ಜೊತೆ ನಿಂತಿದ್ದಾಳೆ. ಚೂಟಿ ದಿನಾ ಬಾಗಿಲಲ್ಲಿ ನಿಂತು, ಬರುವ ಪ್ರತಿ ಮಗುವಿಗೂ, "ನಮ್ ಮಾವಜ್ಜ ಬರ್ತಾರೆ, ಅವ್ರಿಗೆ ಕಿವಿ ಕೇಳ್ಸಲ್ಲ, ಎಷ್ಟ್ ಬೇಕಾದ್ರೂ ಕಿರ್ಚಬೌದು" ಎಂದು ಸಾರುತ್ತಿದ್ದಾಳೆ. ಧೈರ್ಯ ಮಾಡಿಕೊಂಡು ಬನ್ನಿ.

ಮೊನ್ನೆ ಹತ್ತನೇ ತಾರೀಖಿಗೆ ಕೆಲಸಕ್ಕೆ ಸೇರಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಬ್ರೆಡ್ ಅಣ್ಣ ಹೆದ್ದಾರಿಯ ಪಕ್ಕದ ತಮ್ಮ ಕಾಲುದಾರಿಯನ್ನು ಕಿಟಕಿಯಿಂದ ತೋರಿಸುತ್ತಾ ಬಂದರು, ಪ್ರವಾಸ ಬಂದವರ ಹಾಗೆ. ಮೇಲ್ವಿಚಾರಕಿಯಾದ ಮೇಲೆ ನಾನು ಕೇಳಿದ ಮೊದಲ ವಸ್ತು ನಾಲ್ಕು ಕುರ್ಚಿ. ಎರಡು ಬಂದಿವೆ. ಸಂಜೆ ಸಂದೇಶ ಕಳಿಸುವ ಬದಲು ವಾರದ ಕೆಲಸ ವಾರಕ್ಕೆ ಮೊದಲೇ ಹೇಳಬೇಕೆಂದೂ ಮೇಡಂಗೆ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ. ನೋಡೋಣ ಅಂದವರನ್ನು ಏನು ಮಾಡಬೇಕೆಂದು ನಮಗೆ ಈಗ ಗೊತ್ತು.

ಇವತ್ತು ಅವರ ಬಳಿ ಹೋಗಿ ನನ್ನ ಮೊದಲ ರಜೆ ಕೇಳಿದೆ, ಹತ್ತೊಂಬತ್ತಕ್ಕೆ.

"ಸೇರಿ ಎರಡು ದಿನ ಆಗಿಲ್ಲ, ಆಗ್ಲೇ ರಜೆನಾ?" ಅಂದರು.

"ಸೋದರಮಾವ ಬರ್ತಿದ್ದಾರೆ ಮೇಡಂ" ಅಂದೆ.

"ಅಲಾರಂ ಕಳಿಸಿದ್ರಲ್ಲ, ಅವ್ರಾ?" ಎಂದು ಕೇಳಿ ತಕ್ಷಣ ಸಹಿ ಹಾಕಿದರು.

ಮಾವ, ಆ ದಿನ ಕೆಲಸಕ್ಕೆ ಹೋಗದಿದ್ದರೂ ನನಗೆ ಸಂಬಳ ಬರುತ್ತದೆ. ಹುಟ್ಟಿದ ಮೇಲೆ ಇದೇ ಮೊದಲು. ಏನು ಮಾಡಬೇಕೆಂದು ಯೋಚಿಸಿ ಇಟ್ಟುಕೊಂಡಿದ್ದೇನೆ. ನಿಮ್ಮ ರೈಲು ಬರುವುದು ಹತ್ತು ಗಂಟೆಗೆ. ಗಡಿಯಾರ ಇನ್ನೂ ಕೆಟ್ಟೇ ಇದೆ, ಅದನ್ನು ನೀವು ಬಂದು ಸರಿಮಾಡುವಿರಂತೆ. ಅವತ್ತು ನಾನು ಚೂಟಿಯನ್ನು ತಬ್ಬಿಕೊಂಡು, ಕಂಬಳಿ ತಲೆಯವರೆಗೂ ಎಳೆದುಕೊಂಡು, ಎಂಟು ಗಂಟೆಯವರೆಗೆ ಮಲಗುತ್ತೇನೆ.

ಇನ್ನೊಂದೇ ನಿಮಿಷ ಮಾವ.

ನಿಮ್ಮ ಅಕ್ಕನ ಮಗಳು